ಕಣಕ್ಕೆ 8 ಮೆಗಾಪಿಕ್ಸೆಲ್ ಕ್ಯಾಮೆರಾ ಬೇಕಾ? ಮೊದಲು ರಾತ್ರಿ ಒಂಬತ್ತಕ್ಕೆ ಅಲ್ಲಿ ನಿಂತು ನೋಡಿ

ಪ್ರಶ್ನೆ: ಬೇಲೂರು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕಣಕ್ಕೂ ಗೋಡೌನ್ ಬಾಗಿಲಿಗೂ ಹೊಸ ಕ್ಯಾಮೆರಾ ಹಾಕಿಸಬೇಕು. ಈಗಿರುವುದರಲ್ಲಿ ರಾತ್ರಿ ಮುಖ ಗೊತ್ತಾಗಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತವರು ಕಪ್ಪು ಬೊಂಬೆ ತರ ಕಾಣುತ್ತಾರೆ. ಅಂಗಡಿಯವರು 8 ಮೆಗಾಪಿಕ್ಸೆಲ್ ತಗೊಳ್ಳಿ ಎನ್ನುತ್ತಾರೆ. ತಗೊಳ್ಳಲಾ?

ಬರೀ ಮೆಗಾಪಿಕ್ಸೆಲ್ ನೋಡಿ ತಗೊಳ್ಳುವುದಾದರೆ ಬೇಡ. ನಾನು ಮೂಡಿಗೆರೆ ಕಡೆಯವನು. ಎಂಟು ಎಕರೆ ರೋಬಸ್ಟಾ, ನಡುವೆ ಮೆಣಸು. ಇದೇ ತಪ್ಪು ಮಾಡಿ, ದುಡ್ಡು ಕಳೆದುಕೊಂಡು ಬುದ್ಧಿ ಕಲಿತಿದ್ದೇನೆ.

ಮೂರು ವರ್ಷದ ಹಿಂದೆ, ಫೆಬ್ರವರಿ. ಕಣದ ತುಂಬ ರೋಬಸ್ಟಾ ಚೆರ್ರಿ ಒಣಗುತ್ತಿತ್ತು. ಒಣಗಿದ್ದನ್ನು ಮೂಟೆ ಕಟ್ಟಿ ಅಂಚಿಗೆ ಇಟ್ಟಿದ್ದೆವು. ಬೆಳಿಗ್ಗೆ ಎಣಿಸಿದರೆ ಎರಡು ಮೂಟೆ ಕಡಿಮೆ. ಪರವಾಗಿಲ್ಲ, ಹೊಸ ಕ್ಯಾಮೆರಾ ಇದೆಯಲ್ಲ ಅಂತ ಧೈರ್ಯವಾಗಿ ರೆಕಾರ್ಡಿಂಗ್ ತೆಗೆದೆ. ರಾತ್ರಿ ಎರಡು ಗಂಟೆ ದಾಟಿದ ಮೇಲೆ ಪಂಚೆ ಕಟ್ಟಿದ ಒಂದು ಬಿಳಿ ಆಕೃತಿ ಬಂತು, ಬಗ್ಗಿತು, ಮೂಟೆ ಹೊತ್ತು ಹೋಯಿತು. ಮುಖ ಇರಬೇಕಾದ ಕಡೆ ಹಾಲು ಚೆಲ್ಲಿದ ಹಾಗೆ ಒಂದು ಕಲೆ. ತಮಾಷೆ ಏನೆಂದರೆ, ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ ಪೊರಕೆಯ ಕಡ್ಡಿ ಎಣಿಸಬಹುದಿತ್ತು. ಅಷ್ಟು ಸ್ಪಷ್ಟ. ಪೊರಕೆ ಅಲುಗಾಡುವುದಿಲ್ಲವಲ್ಲ! ಆ ವಿಡಿಯೋ ನೋಡಿದವರೆಲ್ಲ ತಮಗೆ ಆಗದವರ ಹೆಸರು ಹೇಳಿದರು. ಮೂಟೆ ಹೋದದ್ದಕ್ಕಿಂತ ಅದು ಜಾಸ್ತಿ ತಲೆನೋವಾಯಿತು.

ಅದು 8 ಮೆಗಾಪಿಕ್ಸೆಲ್ ಕ್ಯಾಮೆರಾ. ಯಾಕೆ ಹೀಗಾಯಿತು ಅಂತ ಆಮೇಲೆ ಅರ್ಥವಾಯಿತು. ಮಳೆಗಾಲದಲ್ಲಿ ಸೂರಿನ ಕೆಳಗೆ ಒಂದು ಅಗಲ ಬೋಗುಣಿ ಇಡಿ. ಅದೇ ಜಾಗದಲ್ಲಿ ನಾಲ್ಕು ಲೋಟ ಇಡಿ. ಬೀಳುವ ಮಳೆ ಅಷ್ಟೇ, ಆದರೆ ಒಂದೊಂದು ಲೋಟಕ್ಕೆ ಸಿಗುವುದು ಕಾಲುಭಾಗ. ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್, ಅದರ ಅಳತೆ ಒಂದೇ ಇಟ್ಟು 2 ಮೆಗಾಪಿಕ್ಸೆಲ್ ಇದ್ದಲ್ಲಿ 8 ತುಂಬಿಸಿದರೆ ಆಗುವುದೂ ಇದೇ. ಹಗಲು ಚಂದ ಕಾಣುತ್ತದೆ. ರಾತ್ರಿ ಒಂದೊಂದು ಚುಕ್ಕೆಗೂ ಬೆಳಕು ಸಾಲುವುದಿಲ್ಲ. ಆಗ ಕ್ಯಾಮೆರಾ ಶಟರ್ ಅನ್ನು ಜಾಸ್ತಿ ಹೊತ್ತು ತೆರೆದಿಟ್ಟುಕೊಳ್ಳುತ್ತದೆ. ನಡೆಯುವ ಮನುಷ್ಯ ಸೆಕೆಂಡಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಸಾಗುತ್ತಾನೆ. ಶಟರ್ 1/12 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅವನ ಮುಖ ಸುಮಾರು 10 ಸೆಂಟಿಮೀಟರ್ ಸರಿದಿರುತ್ತದೆ. ಕಣ್ಣು, ಮೂಗು, ಬಾಯಿ ಎಲ್ಲ ಒಂದರ ಮೇಲೊಂದು ಒರೆಸಿದ ಹಾಗೆ. 1/50ಕ್ಕೆ ಇಟ್ಟರೆ ಸರಿಯುವುದು ಎರಡು ಎರಡೂವರೆ ಸೆಂಟಿಮೀಟರ್ ಅಷ್ಟೇ. ಆದರೆ ಅದಕ್ಕೆ ಬೆಳಕು ಬೇಕು.

ಹಾಗಾಗಿ ಡಬ್ಬದ ಮೇಲೆ ಮೊದಲು ಎರಡು ಸಂಖ್ಯೆ ಹುಡುಕಿ. ಒಂದು ಸೆನ್ಸರ್ ಅಳತೆ. 1/2.8 ಇಂಚು ಎಂದರೆ ಸಾಮಾನ್ಯ, 1/1.8 ಇಂಚು ಎಂದರೆ ದೊಡ್ಡದು. ಭಾಗಾಕಾರ ನೆನಪಿರಲಿ, ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. ಇನ್ನೊಂದು ಲೆನ್ಸಿನ ಎಫ್ ನಂಬರ್. ಎಫ್ 2.0 ಲೆನ್ಸಿಗಿಂತ ಎಫ್ 1.0 ಲೆನ್ಸ್ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಣಕ್ಕೆ ನನ್ನ ಆಯ್ಕೆ 1/1.8 ಇಂಚಿನ ಸೆನ್ಸರ್ ಇರುವ 4 ಮೆಗಾಪಿಕ್ಸೆಲ್, ಎಫ್ 1.0 ಅಥವಾ ಅದರ ಹತ್ತಿರದ ಲೆನ್ಸ್. "0.001 ಲಕ್ಸ್‌ನಲ್ಲೂ ಬಣ್ಣ ಕಾಣುತ್ತದೆ" ಎಂಬ ಸಾಲನ್ನು ಓದಿ ಮುಂದೆ ಹೋಗಿ. ಲಕ್ಸ್ ಎಂದರೆ ಬೆಳಕಿನ ಅಳತೆ. ಶಟರ್ ಎಷ್ಟು ಹೊತ್ತು ತೆರೆದು ಅಳೆದರು ಅಂತ ಹೇಳದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಇನ್ನು ಲೆನ್ಸಿನ ಕೋನ. ಲೆನ್ಸಿನ ಎಂಎಂ ಕಡಿಮೆಯಾದಷ್ಟೂ ನೋಟ ಅಗಲ, ಜಾಸ್ತಿಯಾದಷ್ಟೂ ಕಿರಿದು, ಆದರೆ ಮುಖ ದೊಡ್ಡದಾಗಿ ಕಾಣುತ್ತದೆ. ಅಂಗಡಿಯವರು ಸುಮ್ನೆ 2.8 ಎಂಎಂ ಕೊಟ್ಟುಬಿಡುತ್ತಾರೆ, ಇಡೀ ಕಣ ಕಾಣುತ್ತದೆ ಅಂತ. ಕಾಣುತ್ತದೆ, ನಿಜ. ಐದು ಮೀಟರ್ ದೂರದಲ್ಲಿ ಅದರ ನೋಟ ಸುಮಾರು 13 ಮೀಟರ್ ಅಗಲ. ಗುರುತಿಲ್ಲದವನ ಮುಖ ಹಿಡಿಯಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅನ್ನುವುದು ಈ ಕೆಲಸದವರು ಒಪ್ಪಿಕೊಂಡ ಅಂತರರಾಷ್ಟ್ರೀಯ ಲೆಕ್ಕ. ಗೊತ್ತಿರುವವನಾದರೆ 125 ಸಾಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ ಇರುವುದೇ 1920. 13ರಿಂದ ಭಾಗಿಸಿ, 150 ಕೂಡ ಬರುವುದಿಲ್ಲ. ಹತ್ತು ಮೀಟರ್ ದೂರಕ್ಕೆ ಅದೂ ಅರ್ಧ. ಇಲ್ಲಿ ಮೆಗಾಪಿಕ್ಸೆಲ್‌ಗೂ ಬೆಲೆ ಇದೆ, ಒಪ್ಪುತ್ತೇನೆ. ಆದರೆ 6 ಎಂಎಂ ಲೆನ್ಸ್ ಹಾಕಿ, ಜನ ಹಾಯಲೇಬೇಕಾದ ಒಂದೇ ದಾರಿಗೆ ತಿರುಗಿಸಿದರೆ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ. ಎತ್ತರ ಮೂರು ಮೀಟರ್ ಸಾಕು. ಗೋಡೌನ್ ಸೂರಿಗೆ ಕಟ್ಟಿದರೆ ನಿಮಗೆ ಸಿಗುವುದು ತಲೆ, ಟೋಪಿ, ಮೂಟೆ.

ರಾತ್ರಿ ಬೆಳಕು ಎಲ್ಲಿಂದ ತರುವುದು? ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪದಿಂದ ಚಿತ್ರ ಕಪ್ಪು ಬಿಳುಪು. ಹತ್ತಿರ ಬಂದ ಮುಖಕ್ಕೆ ಅದು ಜಾಸ್ತಿಯಾಗಿ ಹೊಡೆದು ಬಿಳಿ ಮಾಡುತ್ತದೆ, ದೂರದವರಿಗೆ ಸಾಲುವುದಿಲ್ಲ. ನಮ್ಮ ಕಡೆ ಇನ್ನೊಂದು ಕಾಟ ಇದೆ, ಮಂಜು. ದೀಪ ಲೆನ್ಸಿನ ಪಕ್ಕದಲ್ಲೇ ಇದ್ದರೆ ಮಂಜೂ ಮಳೆಹನಿಯೂ ಬೆಳಕನ್ನು ತಿರುಗಿ ಕ್ಯಾಮೆರಾದ ಕಣ್ಣಿಗೇ ಎಸೆಯುತ್ತವೆ. ಚಾರ್ಮಾಡಿ ಘಾಟಿಯಲ್ಲಿ ಮಂಜಿದ್ದಾಗ ಗಾಡಿಯ ಹೈಬೀಮ್ ಹಾಕಿ ನೋಡಿದ್ದೀರಲ್ಲ, ಮುಂದೆ ಬಿಳಿ ಗೋಡೆ ಎದ್ದು ನಿಂತ ಹಾಗೆ, ಅದೇ ಇದು. ಜೊತೆಗೆ ದೀಪಕ್ಕೆ ಹುಳ, ಹುಳಕ್ಕೆ ಜೇಡ, ಜೇಡನ ಬಲೆ ಲೆನ್ಸಿನ ಮುಂದೆ. ವಾರಕ್ಕೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದು ಈಗ ನನ್ನ ಭಾನುವಾರದ ಕೆಲಸ.

ಅದಕ್ಕೆ ನಾನು ಮಾಡಿದ್ದು ಇಷ್ಟು. ಕ್ಯಾಮೆರಾದಿಂದ ಮೂರು ನಾಲ್ಕು ಮೀಟರ್ ಪಕ್ಕಕ್ಕೆ ಬೇರೆ ಕಂಬ ನೆಟ್ಟು, ಅದರ ಮೇಲೆ ಹೊರಗಡೆ ಹಾಕುವ ಎಲ್‌ಇಡಿ ದೀಪ ಹಾಕಿದೆ. ಬೆಳಕು ಕಣದ ಕಡೆ ಬಾಗಿದೆ, ಲೆನ್ಸಿಗೆ ನೇರ ಬೀಳುವುದಿಲ್ಲ. ಈಗ ರಾತ್ರಿಯೂ ಬಣ್ಣದ ಚಿತ್ರ ಸಿಗುತ್ತದೆ, ಅಂಗಿ ಕೆಂಪೋ ನೀಲಿಯೋ ಗೊತ್ತಾಗುತ್ತದೆ. ಒಂದು ಮಾತು, ದೀಪವನ್ನಾಗಲಿ ಕ್ಯಾಮೆರಾವನ್ನಾಗಲಿ ಲೈನ್ ಮನೆಗಳ ಕಡೆ ತಿರುಗಿಸಬೇಡಿ. ದಿನವಿಡೀ ದುಡಿದವರು ಮಲಗುವ ಜಾಗ ಅದು.

ಈಗ ನಿಮ್ಮ ಗೋಡೌನ್ ಬಾಗಿಲು. ಇಲ್ಲಿ ತೊಂದರೆ ಉಲ್ಟಾ, ಒಂದು ಕಡೆ ಬೆಳಕು ವಿಪರೀತ. ಹೊರಗೆ ಕಣದ ಮೇಲೆ ಬಿಸಿಲು ಸುಮಾರು ಲಕ್ಷ ಲಕ್ಸ್ ಇದ್ದರೆ ಒಳಗೆ ನೂರೂ ಇರುವುದಿಲ್ಲ. ಕ್ಯಾಮೆರಾ ಹೊರಗಿನ ಬಿಸಿಲಿಗೆ ಹೊಂದಿಕೊಂಡರೆ ಬಾಗಿಲಲ್ಲಿ ನಿಂತವನು ಕಪ್ಪು ಬೊಂಬೆ. ಇದಕ್ಕೆ ಬೇಕಾದದ್ದು ಡಬ್ಲ್ಯೂಡಿಆರ್ (ವೈಡ್ ಡೈನಾಮಿಕ್ ರೇಂಜ್), ಅದೂ ನಿಜವಾದದ್ದು, 120 ಡಿಬಿ ಎಂದು ಬರೆದಿರುವುದು. 120 ಡಿಬಿ ಎಂದರೆ ಅತಿ ಮಬ್ಬಿಗೂ ಅತಿ ಬೆಳಕಿಗೂ ಹತ್ತು ಲಕ್ಷ ಪಟ್ಟು ಅಂತರವಿದ್ದರೂ ಎರಡನ್ನೂ ಹಿಡಿಯುತ್ತೇನೆ ಅಂತ. ಕ್ಯಾಮೆರಾ ಒಂದು ಚಿತ್ರವನ್ನು ಕಡಿಮೆ ಹೊತ್ತು, ಇನ್ನೊಂದನ್ನು ಜಾಸ್ತಿ ಹೊತ್ತು ತೆಗೆದು ಎರಡನ್ನೂ ಸೇರಿಸುತ್ತದೆ. ಡಿಡಬ್ಲ್ಯೂಡಿಆರ್ (ಡಿಜಿಟಲ್ ಡಬ್ಲ್ಯೂಡಿಆರ್) ಎಂದು ಬರೆದಿದ್ದರೆ ಅದು ಬೇರೆ. ಒಂದೇ ಚಿತ್ರವನ್ನು ತೆಗೆದು, ಕಪ್ಪಾದ ಜಾಗವನ್ನು ಆಮೇಲೆ ಬೆಳ್ಳಗೆ ಮಾಡುವ ಸಾಫ್ಟ್‌ವೇರ್ ಆಟ. ಹಿಡಿಯದೇ ಬಿಟ್ಟ ಮುಖವನ್ನು ಆಮೇಲೆ ಎಲ್ಲಿಂದ ತರುತ್ತದೆ? ಬಿಎಲ್‌ಸಿ (ಬ್ಯಾಕ್‌ಲೈಟ್ ಕಾಂಪೆನ್ಸೇಷನ್) ಅಂತ ಇನ್ನೊಂದಿದೆ. ಅದು ಮುಖ ತೋರಿಸುತ್ತದೆ, ಹಿಂದಿನ ಕಣವನ್ನು ಪೂರ್ತಿ ಬಿಳಿ ಮಾಡುತ್ತದೆ.

ಡಬ್ಲ್ಯೂಡಿಆರ್‌ಗೂ ಒಂದು ಕೊರತೆ ಇದೆ. ರಾತ್ರಿಯೂ ಅದು ಆನ್ ಇದ್ದರೆ ಚಿತ್ರದಲ್ಲಿ ಕಾಳು ಕಾಳು ಜಾಸ್ತಿ, ಓಡಾಡುವವರ ಅಂಚಿನಲ್ಲಿ ನೆರಳು ಬರುತ್ತದೆ. ಸೆಟ್ಟಿಂಗ್‌ನಲ್ಲಿ ಹಗಲಿಗೆ ಆನ್, ರಾತ್ರಿಗೆ ಆಫ್ ಅಂತ ಬೇರೆ ಬೇರೆ ಇಡಲು ಬರುತ್ತದಾ ಕೇಳಿ. ಇದಕ್ಕೆಲ್ಲ ಮುಂಚೆ ಖರ್ಚಿಲ್ಲದ ದಾರಿ ನೋಡಿ. ನಮ್ಮ ಬಾಗಿಲು ಪೂರ್ವಕ್ಕಿದೆ. ಕ್ಯಾಮೆರಾವನ್ನು ಎದುರು ಗೋಡೆಯಿಂದ ತೆಗೆದು, ಪಕ್ಕದ ಗೋಡೆಗೆ, ಬಾಗಿಲನ್ನು ಓರೆಯಾಗಿ ನೋಡುವ ಹಾಗೆ ಹಾಕಿದೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಪಿಕಪ್‌ಗಳ ನಂಬರ್ ಪ್ಲೇಟ್ ಕೂಡ ಬೇಕು ಅಂದರೆ ಅದಕ್ಕೆ ಗೇಟಿನಲ್ಲಿ ಬೇರೆಯದೇ ಕ್ಯಾಮೆರಾ ಇಡಿ. ಪ್ಲೇಟ್ ಬೆಳಕನ್ನು ತಿರುಗಿ ಎಸೆಯುತ್ತದೆ, ಹೆಡ್‌ಲೈಟ್ ಕಣ್ಣಿಗೆ ಕುಕ್ಕುತ್ತದೆ. ಶಟರ್ 1/500ಕ್ಕೆ ಇಟ್ಟರೆ ಪ್ಲೇಟ್ ಓದಲು ಬರುತ್ತದೆ, ಉಳಿದದ್ದೆಲ್ಲ ಕತ್ತಲು. ಮುಖವೂ ಪ್ಲೇಟೂ ಒಂದರಲ್ಲೇ ಸಿಗುತ್ತದೆ ಎನ್ನುವವರನ್ನು ನಂಬಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಬಾರದು. ಏಪ್ರಿಲ್ ಮೇ ಗುಡುಗಿಗೆ ಅರ್ಥಿಂಗ್ ಸರಿಯಾಗಿರಲಿ. 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿಯ ಭದ್ರತಾ ಪರೀಕ್ಷೆ ಕಡ್ಡಾಯ. ಹಳೇ ಸ್ಟಾಕ್ ಅಗ್ಗಕ್ಕೆ ಕೊಟ್ಟರೆ ಆ ಪರೀಕ್ಷೆ ಆಗಿದೆಯಾ ಅಂತ ಒಂದು ಸಲ ಕೇಳಿ.

ದುಡ್ಡು ಪೂರ್ತಿ ಕೊಡುವ ಮುಂಚೆ ಒಂದನ್ನು ಮಾತ್ರ ಹಾಕಿಸಿಕೊಂಡು ಪರೀಕ್ಷೆ ಮಾಡಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕ್ಯಾಮೆರಾವೂ ಚೆನ್ನಾಗೇ ಕಾಣುತ್ತದೆ. ನಿಮ್ಮ ಕಣದಲ್ಲಿ, ರಾತ್ರಿ ಒಂಬತ್ತು ಗಂಟೆಗೆ, ಮನೆಯವರೊಬ್ಬರು ಹೆಗಲ ಮೇಲೆ ಮೂಟೆ ಇಟ್ಟುಕೊಂಡು ಮಾಮೂಲಿ ನಡಿಗೆಯಲ್ಲಿ ಹಾಯಲಿ. ನಿಂತು ಪೋಸ್ ಕೊಡುವುದು ಬೇಡ. ಆಮೇಲೆ ವಿಡಿಯೋ ನಿಲ್ಲಿಸಿ, ಒಂದೇ ಫ್ರೇಮನ್ನು ಅವರ ಪರಿಚಯ ಇಲ್ಲದವರಿಗೆ ಮೊಬೈಲ್‌ನಲ್ಲಿ ಕಳಿಸಿ. ಮರುದಿನ ಎದುರಿಗೆ ನಿಂತಾಗ ಅವರು ಗುರುತು ಹಿಡಿದರೆ ಉಳಿದ ದುಡ್ಡು ಕೊಡಿ. ನಮ್ಮಲ್ಲಿ ಮೊದಲನೇ ಸಲ ನನ್ನ ತಮ್ಮ ನಡೆದ. ಚಳಿ ಅಂತ ಮಂಕಿ ಕ್ಯಾಪ್ ಹಾಕಿಕೊಂಡಿದ್ದ, ತೆಗೆಸಿ ಇನ್ನೊಂದು ಸಲ ನಡೆಸಬೇಕಾಯಿತು.