ಎಲ್ಕ್ ಬೇಟೆಗೆ ಟೆಂಟ್ ಎಲ್ಲಿ ಹಾಕಬೇಕು? ಮೊದಲು ಗಾಳಿ ನೋಡಿ

ನೀವು ಕೇಳಿದ್ದು ಇಷ್ಟು: ನಾಲ್ಕು ಜನ ಗೆಳೆಯರು ಅಕ್ಟೋಬರ್‌ನಲ್ಲಿ ಮೊದಲ ಸಲ ಅಮೆರಿಕದ ಕೊಲೊರಾಡೊ ರಾಜ್ಯದ ಫ್ಲಾಟ್ ಟಾಪ್ಸ್ ಬೆಟ್ಟಗಳ ಕಡೆಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುತ್ತಿದ್ದೀರಿ, ರೈಫಲ್ ಸೀಸನ್, ಅಂದರೆ ಬಂದೂಕಿನಿಂದ ಬೇಟೆಯಾಡಲು ಬಿಡುವ ಅವಧಿ. ಹುಲ್ಲುಗಾವಲಿನ ಅಂಚಿನಲ್ಲೇ ಟೆಂಟ್ ಹಾಕಿದರೆ ಬೆಳಗ್ಗೆ ಎದ್ದ ಕೂಡಲೇ ಎಲ್ಕ್ ಸಿಗುತ್ತದೆ ಅಲ್ವಾ?

ಸಿಗುವುದಿಲ್ಲ. ದಯವಿಟ್ಟು ಅಲ್ಲಿ ಹಾಕಬೇಡಿ. ಎಲ್ಕ್ ರಾತ್ರಿಯೆಲ್ಲ ಬಯಲಿನಲ್ಲಿ ಮೇಯುತ್ತದೆ. ಬೆಳಕು ಹರಿಯುವ ಹೊತ್ತಿಗೆ ದಟ್ಟ ಕಾಡು ಸೇರಿ ಮಲಗುತ್ತದೆ, ಹೆಚ್ಚಾಗಿ ಉತ್ತರಕ್ಕೆ ಮುಖ ಮಾಡಿದ ತಂಪು ಇಳಿಜಾರಿನಲ್ಲಿ. ಅದು ಮೇಯುವ ಕಡೆಯೇ ನೀವು ಒಲೆ ಹಚ್ಚಿ, ಕಾರಿನ ಬಾಗಿಲು ದಬದಬ ಹಾಕುತ್ತಿದ್ದರೆ ಅದು ಬೇರೆ ಬಯಲು ನೋಡಿಕೊಳ್ಳುತ್ತದೆ. ಶಬ್ದವನ್ನಾದರೂ ಒಂದಿಷ್ಟು ಸಹಿಸೀತು. ಮನುಷ್ಯರ ವಾಸನೆಯನ್ನು ಮಾತ್ರ ಸಹಿಸುವುದಿಲ್ಲ.

ನಾನು ಡೆನ್ವರ್‌ನಲ್ಲಿ ಇರುವವನು, ಶರತ್ಕಾಲದಲ್ಲಿ ಆ ಕಡೆ ಹೋಗುತ್ತಿರುತ್ತೇನೆ. ನನ್ನ ಪ್ರಕಾರ ಟೆಂಟಿನ ಜಾಗ ಆರಿಸುವುದು ಅಂದರೆ ನಿಮ್ಮ ವಾಸನೆ ಎತ್ತ ಹೋಗುತ್ತದೆ ಅಂತ ನೋಡುವುದು. ಸೂರ್ಯ ಮುಳುಗಿದ ಮೇಲೆ ಬೆಟ್ಟದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ತೋಟಕ್ಕೆ ಬಿಟ್ಟ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಕೆಳಗೆ ಹರಿಯುತ್ತದೆ. ಬೆಳಗ್ಗೆ ಇಳಿಜಾರಿಗೆ ಬಿಸಿಲು ತಾಗಿದ ಮೇಲೆ ಅದೇ ಗಾಳಿ ಮೇಲೇರುತ್ತದೆ. ಅಂದರೆ ಬಯಲಿನ ಮೇಲ್ಗಡೆ, ಅದೇ ಕಣಿವೆಯಲ್ಲಿ ಟೆಂಟ್ ಹಾಕಿದರೆ ರಾತ್ರಿಯಿಡೀ ನಿಮ್ಮ ಹೊಗೆ, ಬೆವರು, ಹುರಿದ ಈರುಳ್ಳಿಯ ವಾಸನೆ ಎಲ್ಲ ಸೀದಾ ಎಲ್ಕ್ ಮೂಗಿಗೆ. ಕೆಳಗಡೆ ಹತ್ತಿರದಲ್ಲೇ ಹಾಕಿದರೆ ಹಗಲು ಆ ವಾಸನೆ ಎಲ್ಕ್ ಮಲಗಿರುವ ಕಾಡಿಗೆ ಏರುತ್ತದೆ. ಹಾಗಾಗಿ ಗುಡ್ಡದ ಸಾಲಿನ ಇನ್ನೊಂದು ಬದಿಯ ಕಣಿವೆ ಹಿಡಿಯಿರಿ. ಬಯಲಿಗೂ ಟೆಂಟಿಗೂ ಒಂದು ಮೈಲಿಯಾದರೂ ಇರಲಿ. ಅಲ್ಲಿ ಜೋರು ಗಾಳಿ ಬರುವುದು ಸಾಮಾನ್ಯವಾಗಿ ಪಶ್ಚಿಮದಿಂದ. ಆದ್ದರಿಂದ ಬೇಟೆಯ ಜಾಗಕ್ಕೆ ಪೂರ್ವದಲ್ಲಿ ಟೆಂಟ್ ಇದ್ದರೆ ಇನ್ನೂ ಒಳ್ಳೆಯದು.

ಇದನ್ನು ಕಣ್ಣಾರೆ ನೋಡಬಹುದು. ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ಟಾಲ್ಕಂ ಪೌಡರ್ ತುಂಬಿ ಜೇಬಿನಲ್ಲಿ ಇಟ್ಟುಕೊಳ್ಳಿ. ಸಂಜೆ ಬಿಸಿಲು ಇರುವಾಗ ಒಮ್ಮೆ ಒತ್ತಿ. ಪುಡಿ ಇಳಿಜಾರು ಹಿಡಿದು ಮೇಲಕ್ಕೆ ಹೋಗುತ್ತದೆ. ಇಳಿಜಾರಿಗೆ ನೆರಳು ಬೀಳುವಾಗ ಮತ್ತೆ ಒತ್ತಿ. ಈಗ ಪುಡಿಗೆ ದಿಕ್ಕೇ ಇಲ್ಲ, ಮುಖದ ಮುಂದೆಯೇ ಸುತ್ತುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮೊಣಕಾಲಿನ ಎತ್ತರದಲ್ಲಿ ಮೆಲ್ಲಗೆ ಹಳ್ಳದ ಕಡೆ ಜಾರುತ್ತಿರುತ್ತದೆ. ಟೆಂಟಿನ ಗೂಟ ಹೊಡೆಯುವ ಮುಂಚೆ ಇದನ್ನು ನೋಡಿಯೇ ಹೊಡೆಯಿರಿ.

ಅದೇ ತಣ್ಣನೆ ಗಾಳಿ ಕಣಿವೆಯ ತಳದಲ್ಲಿ ಬಂದು ನಿಲ್ಲುತ್ತದೆ. ಹಳ್ಳದ ಪಕ್ಕದ ಮಟ್ಟಸ ಹುಲ್ಲು ನೋಡಲು ಚೆಂದ, ಬೆಳಗ್ಗೆ ಮಾತ್ರ ಟೆಂಟಿನ ಒಳಗೂ ಮಂಜುಗಡ್ಡೆ. ತಳ ಬಿಟ್ಟು ಸ್ವಲ್ಪ ಮೇಲೆ, ಇಳಿಜಾರಿನ ನಡುವೆ ಸಿಗುವ ಸಮತಟ್ಟು ಜಾಗದಲ್ಲಿ ಮಲಗಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಫ್ಲಾಟ್ ಟಾಪ್ಸ್‌ನ ಅರಣ್ಯದಲ್ಲಿ ಕೆರೆ, ಹಳ್ಳ, ಕಾಲುದಾರಿಯಿಂದ 100 ಅಡಿ ದೂರ ಇರಬೇಕು ಅನ್ನುವ ನಿಯಮವೂ ಇದೆ. ನೀರಿನ ಹತ್ತಿರ ಇರಲೇಬಾರದು ಅನ್ನುವುದಕ್ಕೆ ಇದೊಂದು ಕಾರಣ ಸಾಕು.

ಮರಗಳನ್ನು ತಲೆ ಎತ್ತಿ ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ಜೀರುಂಡೆ ಕೊರೆದು ಒಣಗಿದ ಸ್ಪ್ರೂಸ್ ಮರಗಳು ಬೇಕಾದಷ್ಟಿವೆ. ಟ್ರ್ಯಾಪರ್ಸ್ ಲೇಕ್ ಅನ್ನುವ ಕೆರೆಯ ಸುತ್ತ 2002ರ ಬೆಂಕಿಗೆ ಸುಟ್ಟು ನಿಂತ ಬೋಳು ಮರಗಳೂ ಇವೆ. ತೊಗಟೆ ಬಿಟ್ಟ, ಎಲೆ ಇಲ್ಲದ ಮರ ಟೆಂಟಿಗೆ ತನ್ನ ಎತ್ತರದಷ್ಟು ದೂರದೊಳಗೆ ಇದ್ದರೆ ಆ ಜಾಗ ಬೇಡ. ಗಾಳಿ ಬೀಸುವ ರಾತ್ರಿ ಅಂಥವು ಹೇಳದೆ ಕೇಳದೆ ಬೀಳುತ್ತವೆ.

ಇನ್ನು ಮಾಂಸದ ಲೆಕ್ಕ. ಮೊದಲ ಸಲ ಹೋಗುವವರು ಇದನ್ನೇ ಮರೆಯುತ್ತಾರೆ. ದೊಡ್ಡ ಗಂಡು ಎಲ್ಕ್ ಸುಮಾರು 300 ಕಿಲೋ. ಮೂಳೆ ಬಿಡಿಸಿದರೂ 90, 100 ಕಿಲೋ ಮಾಂಸ ಹೊರಬೇಕು. ನಾಲ್ಕು ಜನ ಹೊತ್ತರೆ ತಲಾ 25 ಕಿಲೋ, ಕತ್ತಲಲ್ಲಿ, ಬಿದ್ದ ಮರಗಳ ಮೇಲೆ ಹತ್ತಿ ಇಳಿದು. ವೈಲ್ಡರ್‌ನೆಸ್ (ಕಾನೂನಿನಿಂದ ರಕ್ಷಿಸಿದ ಒಳಕಾಡು) ಗಡಿಯೊಳಗೆ ವಾಹನ ಬಿಡಿ, ಎಳೆಯುವ ಕೈಗಾಡಿ ಕೂಡ ನಿಷಿದ್ಧ. ತಿನ್ನುವ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಕೊಲೊರಾಡೊದಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ಅಷ್ಟು ದೊಡ್ಡ ಪ್ರಾಣಿಯನ್ನು ಕೊಂದು ಅರ್ಧ ಬಿಟ್ಟು ಬರುವುದು ತಪ್ಪು. ಅದಕ್ಕೇ ಮೊದಲ ವರ್ಷ ಒಳಕಾಡಿನಲ್ಲಿ ಟೆಂಟ್ ಬೇಡ. ಕಾರು ಹೋಗುವ ರಸ್ತೆಯ ಪಕ್ಕದಲ್ಲೇ ಇರಿ, ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಒಂದೆರಡು ಗಂಟೆ ನಡೆಯಿರಿ. ಒಳ್ಳೆಯ ಎಲ್ಕ್ ನೋಡಿದರೂ ಸಂಜೆ ಆಗಿದೆ, ಕಾರು ಐದು ಮೈಲಿ ದೂರ ಅಂದರೆ ಟ್ರಿಗರ್ ಒತ್ತದಿರುವುದೇ ವಾಸಿ.

ಟೆಂಟಿಗೆ ಬೇಡವಾದ ಆ ಹಳ್ಳದ ತಂಪು ಗಾಳಿ ಮಾಂಸಕ್ಕೆ ಬೇಕು. ಬಟ್ಟೆ ಚೀಲದಲ್ಲಿ ಹಾಕಿ, ಬಿಸಿಲು ಬೀಳದ ಕಡೆ, ಗಾಳಿ ಇಳಿಯುವ ದಾರಿಯಲ್ಲಿ ಎತ್ತರಕ್ಕೆ ನೇತುಹಾಕಿ. ಕರಡಿಗಳಿವೆ, ಹಾಗಾಗಿ ಟೆಂಟಿನಿಂದ 100 ಗಜವಾದರೂ ಆಚೆ, ಆದರೆ ಕಣ್ಣಿಗೆ ಕಾಣುವ ಹಾಗಿರಲಿ.

ಕೆಲವು ಸಣ್ಣ ಮಾತು. ಒಂದು ಕುಕ್ಕರ್ ಒಯ್ಯಿರಿ. 10,000 ಅಡಿ ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಪಾತ್ರೆಯಲ್ಲಿ ಅನ್ನ ಸರಿಯಾಗಿ ಬೇಯುವುದಿಲ್ಲ. ಹಿಮ ಬಿದ್ದರೆ ಎಲ್ಕ್ ಕೆಳಗಿಳಿಯುತ್ತದೆ, ನಿಮ್ಮ ಮಣ್ಣಿನ ರಸ್ತೆಯೂ ಕೆಸರಾಗುತ್ತದೆ. ನಾಲ್ಕೂ ಚಕ್ರಕ್ಕೆ ಚೈನ್ ಇರಲಿ. ಒಲೆ ಹಚ್ಚಲು ಅನುಮತಿ ಇದೆಯಾ ಅಂತ ಮೀಕರ್ ಊರಿನ ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿ. ನೀವು ಆರಿಸಿದ ಜಾಗದಲ್ಲಿ ಆಗಲೇ ಬೇರೆಯವರ ಟೆಂಟ್ ಇದ್ದರೆ ಮುಂದಿನ ಕಣಿವೆಗೆ ಹೋಗಿ, ಪಕ್ಕದಲ್ಲೇ ಹಾಕಬೇಡಿ. ಅದಕ್ಕೇ ನಕ್ಷೆಯಲ್ಲಿ ಮೂರು ಜಾಗ ಗುರುತು ಮಾಡಿಕೊಂಡು, ಸೀಸನ್ ಶುರುವಾಗುವ ಎರಡು ದಿನ ಮುಂಚೆಯೇ ತಲುಪಿ. ಆ ಎತ್ತರಕ್ಕೆ ಮೈ ಹೊಂದಿಕೊಳ್ಳಲೂ ಸಮಯ ಬೇಕು.

ಲೈಸೆನ್ಸ್ ಮೇಲೆ ಇರುವ ಯೂನಿಟ್ ನಂಬರ್ (ನೀವು ಬೇಟೆಯಾಡಬಹುದಾದ ವಲಯದ ಸಂಖ್ಯೆ) ಮತ್ತು ಆ ಮೂರು ಜಾಗ ಯಾವುವು ಅಂತ ಬರೆಯಿರಿ, ನಕ್ಷೆ ನೋಡಿ ಯಾವುದು ಒಳ್ಳೆಯದು ಅಂತ ಹೇಳುತ್ತೇನೆ.