ಡಾ. ಜಾಕ್ ಕೆವೋರ್ಕಿಯನ್ ಸಿನಿಮಾ ಅವರನ್ನು ಹೀರೋ ಮಾಡಿದೆಯಾ?

ಗುಣವಾಗದ ಕಾಯಿಲೆಯವರಿಗೆ ಸಾಯಲು ನೆರವಾದ ಅಮೆರಿಕದ ಡಾಕ್ಟರ್ ಇವರು. 2010ರ ‘ಯು ಡೋಂಟ್ ನೋ ಜಾಕ್’ ಸಿನಿಮಾದಲ್ಲಿ ಇವರ ಪಾತ್ರ ಮಾಡಿದ ಅಲ್ ಪಚೀನೋ, ಡಾಕ್ಟರ ಕರುಣೆಯ ಜೊತೆ ಹಠವನ್ನೂ ತೋರಿಸುತ್ತಾರೆ. ಹಾಗಾಗಿ ಸುಮ್ನೆ ಹೊಗಳಿಕೆ ಅಂತ ನನಗೆ ಅನ್ನಿಸಲಿಲ್ಲ. 1998ರಲ್ಲಿ ಕೆವೋರ್ಕಿಯನ್ ರೋಗಿಯೊಬ್ಬರಿಗೆ ತಾವೇ ಸಾಯುವ ಇಂಜೆಕ್ಷನ್ ಕೊಟ್ಟು, ಆ ವಿಡಿಯೋವನ್ನು ಟಿವಿಯವರಿಗೆ ಕೊಟ್ಟರು. ಮರುವರ್ಷ ಕೋರ್ಟಲ್ಲಿ ತಾವೇ ವಾದಿಸಿ ಸೋತರು. ಎಂಟು ವರ್ಷ ಜೈಲು.

ಉಡುಪಿಯ ಮನೆಯಲ್ಲಿ ಅಮ್ಮನ ಜೊತೆ ನೋಡಿದೆ. ರೋಗಿಗಳು ಮಾತಾಡುವ ದೃಶ್ಯ ಬಂದಾಗ ಅಮ್ಮ ಎದ್ದು ಅಡುಗೆಮನೆಗೆ ಹೋದರು. ಕೊನೆಯ ದಿನಗಳಲ್ಲಿ ಅಜ್ಜಿಯ ಬಾಯಿಗೆ ಚಮಚದಲ್ಲಿ ಗಂಜಿ ತೆಳಿ ಹಾಕಿದ್ದು, ಗಲ್ಲ ಒರೆಸಿದ್ದು ಅವರೇ ಅಲ್ವಾ.

ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು ಬೇರೆ: ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ನಿಯಮದಂತೆ ನಿಲ್ಲಿಸಬಹುದು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಈಗಲೂ ಅಪರಾಧ. ಸಿನಿಮಾ ನೋಡಿ, ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಈಗ ಬೇಡ.