ಬೇಡ ಅಂದರೆ ಬೇಡ ಅನ್ನಿ, ಫೋನ್ ಬಂದ್ ಮಾಡಬೇಡಿ

ಹುಬ್ಬಳ್ಳಿಯಲ್ಲಿ ಮಕ್ಕಳ ಕ್ಯಾನ್ಸರ್ ವಾಸಿಯಾದ ನಂತರದ ತಪಾಸಣೆ ಮತ್ತು ಸಂಶೋಧನೆ ನೋಡಿಕೊಳ್ಳುವ ವೈದ್ಯರು ಓದುಗರಿಗೆ ಉತ್ತರಿಸಿದ್ದಾರೆ.

*ಮಗಳಿಗೆ 6 ವರ್ಷ ಇದ್ದಾಗ ರಕ್ತದ ಕ್ಯಾನ್ಸರ್ ಆಗಿತ್ತು. ಈಗ 15, ಆರಾಮ ಇದ್ದಾಳೆ. ಆದರೂ ಪ್ರತಿ ವರ್ಷ ಕರೆಯುತ್ತಾರೆ. ಎಕೋ (ಹೃದಯದ ಸ್ಕ್ಯಾನ್) ಅಂತಾರೆ, ಸಂಶೋಧನೆ ಅಂತ ಫಾರ್ಮ್ ತುಂಬಿಸುತ್ತಾರೆ. ಈ ಸಲ ಅವಳ ಸಹಿಯನ್ನೂ ಕೇಳಿದರು. ಮಗಳ ಮೇಲೆ ಪ್ರಯೋಗ ಮಾಡುತ್ತಿದ್ದಾರಾ? — ಬ್ಯಾಡಗಿ ಸಮೀಪದ ತಂದೆ*

ಇದೇ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ.

ಅವಳಿಗೆ ಈಗ ಯಾರೂ ಹೊಸ ಔಷಧ ಕೊಡುತ್ತಿಲ್ಲ. ಆಗ ಕೊಟ್ಟದ್ದು ಈಗ ಏನು ಮಾಡುತ್ತಿದೆ ಅಂತ ನೋಡುತ್ತಿದ್ದಾರೆ. ಕೆಂಪು ಬಣ್ಣದ ಔಷಧ ನೆನಪಿದೆಯಲ್ಲ? ಡಾಕ್ಸೊರುಬಿಸಿನ್, ಡಾನೊರುಬಿಸಿನ್. ಜೀವ ಉಳಿಸಿದ್ದು ಅವೇ. ಆದರೆ ಅವು ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಹುದು, ಅದು ಎಷ್ಟೋ ವರ್ಷದ ಮೇಲೆ ಕಾಣಿಸಬಹುದು. ಒಟ್ಟು ಡೋಸ್ ದೇಹದ ಮೇಲ್ಮೈಯ ಚದರ ಮೀಟರ್‌ಗೆ 250 ಮಿಲಿಗ್ರಾಂ ಮುಟ್ಟಿದವರಿಗೆ ಅಪಾಯ ಜಾಸ್ತಿ, ಅವರಿಗೆ 2 ವರ್ಷಕ್ಕೊಮ್ಮೆ ಎಕೋ. ಮಧ್ಯಮ ಅಪಾಯದವರಿಗೆ 5 ವರ್ಷಕ್ಕೊಮ್ಮೆ ಸಾಕು. ಮಗಳು ಯಾವ ಗುಂಪು ಅಂತ ಕೇಳಿ. ನಾಳೆ ಅವಳು ಬಸುರಿ ಆದಾಗ ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ಹೆರಿಗೆ ಡಾಕ್ಟರಿಗೆ ಈ ಲೆಕ್ಕ ಬೇಕೇ ಬೇಕು.

ತಪಾಸಣೆ ಅವಳಿಗಾಗಿ, ಸಂಶೋಧನೆ ಮುಂದೆ ಬರುವ ಮಕ್ಕಳಿಗಾಗಿ. ಎರಡನ್ನೂ ಕಲಸಬೇಡಿ. ಸಂಶೋಧನೆ ಬೇಡ ಅಂದರೂ ತಪಾಸಣೆ ನಿಲ್ಲಿಸುವಂತಿಲ್ಲ. ಸಂಶೋಧನೆಗೆಂದೇ ಮಾಡುವ ಪರೀಕ್ಷೆಗೆ ನಿಮ್ಮ ಹತ್ತಿರ ದುಡ್ಡು ಕೇಳುವಂತೆಯೂ ಇಲ್ಲ. ಕೇಳಿದರೆ ಎಥಿಕ್ಸ್ ಕಮಿಟಿಗೆ, ಅಂದರೆ ಸಂಶೋಧನೆ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡುವ ಸಮಿತಿಗೆ, ದೂರು ಕೊಡಿ.

ಇನ್ನು ಸಹಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ 12 ದಾಟಿದ ಮಕ್ಕಳ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಬೇಕು, ನಿಮ್ಮ ಒಪ್ಪಿಗೆಯೂ ಅದರ ಜೊತೆಗೆ ಬೇಕು. 18 ತುಂಬಿದರೆ ಅವಳನ್ನೇ ಹೊಸದಾಗಿ ಕೇಳಬೇಕು. ಸಹಿಗೆ ಸಿಟ್ಟಾಗುವ ಹಲವರ ಭಯವೇ ಬೇರೆ. ಮಗುವಿಗೆ 'ರಕ್ತ ಕಡಿಮೆ ಇತ್ತು' ಅಂತ ಹೇಳಿ ಬಿಟ್ಟಿರುತ್ತಾರೆ. ಫಾರ್ಮ್ ಓದಿದರೆ ಗೊತ್ತಾಗುತ್ತದೆ ಅಲ್ವಾ! ದಯವಿಟ್ಟು ನೀವೇ ಮೊದಲು ಹೇಳಿ.

ಬೇಡ ಅಂದವರ ಮೇಲೆ ನನಗೆ ಸಿಟ್ಟಿಲ್ಲ. ಸುಮ್ನೆ ಕಾಣೆಯಾಗುವವರ ಮೇಲಿದೆ. ಸಿಮ್ ಬದಲಾಗುತ್ತದೆ. ಹುಡುಗಿ ಮದುವೆಯಾಗಿ ರೋಣಕ್ಕೋ ಹಾನಗಲ್ಲಿಗೋ ಹೋಗುತ್ತಾಳೆ, ಗಂಡನ ಮನೆಯವರಿಗೆ ವಿಷಯವೇ ಗೊತ್ತಿರುವುದಿಲ್ಲ. ಕೊನೆಗೆ ಬರುವವರು ತೊಂದರೆ ಇದ್ದವರಷ್ಟೇ. ಅವರನ್ನೇ ಎಣಿಸಿದರೆ ಎಲ್ಲರ ಹೃದಯವೂ ಕೆಟ್ಟಿದೆ ಅನ್ನುವ ಸುಳ್ಳು ಲೆಕ್ಕ ಬರುತ್ತದೆ. ಆರಾಮ ಇರುವ ನಿಮ್ಮ ಮಗಳು ಲೆಕ್ಕಕ್ಕೆ ಬೇಕಾಗಿರುವುದು ಅದಕ್ಕೇ. ಅಮೆರಿಕದಲ್ಲಿ 1970ರಿಂದೀಚೆಗೆ ಕ್ಯಾನ್ಸರ್ ಆದ ಮಕ್ಕಳನ್ನು ಹುಡುಕಿ, 1994ರಿಂದ ಅಧ್ಯಯನ ನಡೆಸುತ್ತಿದ್ದಾರೆ. ಆ ಅಂಕಿ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಚಿಕಿತ್ಸೆಗೆ ಬರುವಾಗಲೇ ಸೊರಗಿರುವ ಮಕ್ಕಳು ನಮ್ಮಲ್ಲಿ ಜಾಸ್ತಿ.

ಮೆಣಸಿನಕಾಯಿ ಸುಗ್ಗಿಯಲ್ಲಿ ಆಗದಿದ್ದರೆ ಶಾಲೆಯ ರಜೆಯಲ್ಲಿ ಬರುತ್ತೇವೆ ಅನ್ನಿ. ಪೂರ್ತಿ ಬೇಡವಾದರೆ ಅದನ್ನೂ ಹೇಳಿ, ಬರೆದುಕೊಳ್ಳುತ್ತಾರೆ. ಬಂದಾಗ ಚಿಕಿತ್ಸೆಯ ಸಾರಾಂಶ ಕೇಳಿ ಇಸಿದುಕೊಳ್ಳಿ. ಔಷಧಗಳ ಹೆಸರು, ಒಟ್ಟು ಡೋಸ್, ರೇಡಿಯೇಷನ್ ವಿವರ ಅದರಲ್ಲಿರಬೇಕು. ಬರೀ ಡಿಸ್ಚಾರ್ಜ್ ಕಾರ್ಡ್ ಸಾಲದು.

*ಕ್ಯಾನ್ಸರ್ ಮರಳದಂತೆ ಒಬ್ಬರು ಭಸ್ಮ ಕೊಡುತ್ತಾರೆ. ಮಗನಿಗೆ ಕೊಡಲೇ? — ಮುಂಡರಗಿ*

ಬೇಡ. ಇಂಥವುಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದುಂಟು. ಅದರಲ್ಲಿ ಏನೇನಿದೆ ಅಂತ ಬರೆದು ಸಹಿ ಮಾಡಿ ಕೊಡಲು ಆ ಮಹಾಶಯರಿಗೆ ಹೇಳಿ ನೋಡಿ. ನಮ್ಮ ಫಾರ್ಮ್‌ಗೆ ಮಾತ್ರ ನೂರು ಪ್ರಶ್ನೆ!

*ಗುಣವಾದ ಮಗುವಿನ ಜೊತೆ ಉಂಡರೆ ಅಂಟುತ್ತದಾ? — ಗದಗ*

ಇಲ್ಲ. ಇದನ್ನು ಇನ್ನೊಮ್ಮೆ ಕೇಳಬೇಡಿ.

*ನನ್ನ ಪ್ರಬಂಧಕ್ಕೆ ಗುಣವಾದ ಮಕ್ಕಳ ಹೆಸರು, ಫೋನ್ ನಂಬರ್ ಕಳಿಸುತ್ತೀರಾ? — ವಿದ್ಯಾರ್ಥಿ, ಧಾರವಾಡ*

ಇಲ್ಲ. ಗೈಡ್ ಪತ್ರ ಸಾಲದು, ಎಥಿಕ್ಸ್ ಕಮಿಟಿಯ ಅನುಮತಿ ತನ್ನಿ. ಆಗಲೂ ನಂಬರ್ ಕೊಡುವುದಿಲ್ಲ. ಮನೆಯವರನ್ನು ನಾವೇ ಕೇಳುತ್ತೇವೆ, ಒಪ್ಪಿದವರು ನಿಮಗೆ ಫೋನ್ ಮಾಡುತ್ತಾರೆ.